ಗ್ರೀಸಿನ ಹಾಯಿದೋಣಿಯಲ್ಲಿ ಅಪ್ಪನ ಜೊತೆ ಏಳು ದಿನ

"ದೋಣಿ ಹತ್ತಲಿಕ್ಕೆ ಅಷ್ಟು ದೂರ ಹೋಗುದು ಎಂತಕ್ಕೆ ಮಗಾ? ದೋಣಿ ನಮ್ಮ ಹೊಳೆಯಲ್ಲೇ ಉಂಟಲ್ಲ."

ಗ್ರೀಸಿಗೆ ಹೋಗೋಣ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಕೊಟ್ಟ ಉತ್ತರ ಇದು. ಅಪ್ಪನ ಮಾತು ಸುಳ್ಳಲ್ಲ. ನಮ್ಮೂರು ಹೊನ್ನಾವರ, ಶರಾವತಿ ಕಡಲು ಸೇರುವ ಜಾಗ. ಮನೆಯ ಹಿತ್ತಲು ದಾಟಿದರೆ ಹೊಳೆ, ಹೊಳೆಯ ಆಚೆ ಕಾಸರಕೋಡು. ಅಪ್ಪನಿಗೆ ಈಗ 71 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿ ನಿವೃತ್ತನಾದವನು. ಅಮ್ಮ ಹೋಗಿ ಮೂರು ವರ್ಷವಾಯಿತು. ಅಂದಿನಿಂದ ಆ ಮನೆಯಲ್ಲಿ ಅಪ್ಪ ಒಬ್ಬನೇ.

ನಾನು, ನನ್ನ ಗಂಡ ಇಬ್ಬರೂ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಬಂದು ಹದಿನಾಲ್ಕು ವರ್ಷವಾಯಿತು. ಗಂಡ ಧಾರವಾಡದವರು, ಈಜು ಬರುವುದಿಲ್ಲ, ಆದರೆ ಹಾಯಿದೋಣಿಯ ವಿಡಿಯೊ ನೋಡುವ ಹುಚ್ಚು. ಎಂಟು ವರ್ಷದ ಮಗನಿಗೂ ಅದೇ ಅಂಟಿದೆ. ಹನ್ನೆರಡರ ಮಗಳಿಗೆ ಎಲ್ಲಿಗೆ ಹೋದರೂ ಇಂಟರ್ನೆಟ್ ಇದ್ದರೆ ಸಾಕು. ಎರಡು ವರ್ಷ ದುಡ್ಡು ಕೂಡಿಟ್ಟು, ಗ್ರೀಸಿನಲ್ಲಿ ಒಂದು ವಾರ ದೋಣಿಯಲ್ಲೇ ಉಳಿಯುವ ಪ್ರವಾಸ ಎಂದು ನಿಶ್ಚಯ ಮಾಡಿದೆವು. ಅಪ್ಪನನ್ನೂ ಕರೆದುಕೊಂಡು ಹೋಗೋಣ ಎಂದವಳು ನಾನು. ಅದಕ್ಕೆ ಕಾರಣ ಪ್ರೀತಿ ಒಂದೇ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿಂದಿನ ವರ್ಷದ ಆಷಾಢದ ಮಳೆಯಲ್ಲಿ ಅಪ್ಪ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದ. ಪಕ್ಕದ ಮನೆಯವರು ನೋಡುವಷ್ಟರಲ್ಲಿ ಸುಮಾರು ಒಂದು ಗಂಟೆ ಮಳೆಯಲ್ಲೇ ಬಿದ್ದಿದ್ದ. ಮಣಿಕಟ್ಟು ಮುರಿದಿತ್ತು. ನಮಗೆ ತಿಳಿಸಿದ್ದು ಮೂರು ದಿನ ಕಳೆದ ಮೇಲೆ. ಆಮೇಲೆ ಹೈದರಾಬಾದಿನಲ್ಲಿರುವ ತಮ್ಮ ಮತ್ತು ನಾನು ಫೋನಿನಲ್ಲಿ ಮಾತಾಡಿಕೊಂಡು ತೀರ್ಮಾನಕ್ಕೆ ಬಂದೆವು. ಮನೆ ಮಾರುವುದು, ಅಪ್ಪ ಪುಣೆಗೆ ಬರುವುದು. ಕೊಳ್ಳುವವರೊಬ್ಬರು ಸಿಕ್ಕಿದರು. ಸೆಪ್ಟೆಂಬರಿನಲ್ಲಿ ಮುಂಗಡ ಎಂದೂ ಮಾತಾಯಿತು. ಅಪ್ಪನಿಗೆ ಹೇಳುವವರು ಯಾರು? "ಅಕ್ಕಾ, ನೀನು ಹೇಳಿದ್ರೆ ಕೇಳ್ತಾನೆ" ಎಂದು ತಮ್ಮ ಜಾರಿಕೊಂಡ. ಗ್ರೀಸಿನಲ್ಲಿ, ಅಪ್ಪ ಖುಷಿಯಲ್ಲಿರುವ ಹೊತ್ತು ನೋಡಿ ಹೇಳುವುದು ಎಂದು ನಾನು ಲೆಕ್ಕ ಹಾಕಿದ್ದೆ.

ಮೊದಲು ಹೋಗಬಯಸುವವರಿಗೆ ಬೇಕಾದ ವಿಷಯ. ಗ್ರೀಸಿನಲ್ಲಿ ಹಾಯಿದೋಣಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಸಿಗುತ್ತದೆ. ನೀವೇ ನಡೆಸುವುದಾದರೆ ಪರವಾನಗಿ ತೋರಿಸಬೇಕು. ನಮ್ಮಂಥವರು ಸ್ಕಿಪ್ಪರ್ ಗೊತ್ತು ಮಾಡಿಕೊಳ್ಳಬೇಕು. ನಾವು ದಿನಕ್ಕೆ 200 ಯುರೋ ಕೊಟ್ಟೆವು, ಅವರ ಊಟವೂ ನಮ್ಮದೇ. ನಮ್ಮದು 45 ಅಡಿಯ, ನಾಲ್ಕು ಕ್ಯಾಬಿನ್ನಿನ ದೋಣಿ. ನಮಗೊಂದು, ಮಕ್ಕಳಿಗೊಂದು, ಅಪ್ಪನಿಗೊಂದು, ಸ್ಕಿಪ್ಪರ್‌ಗೊಂದು. ಫೋಟೊಗಳಲ್ಲಿ ಕಾಣುವ ಸ್ಯಾಂಟೊರಿನಿ, ಮಿಕೊನೊಸ್ ದ್ವೀಪಗಳು ಸೈಕ್ಲೇಡ್ಸ್ ಗುಂಪಿನವು. ಆಗಸ್ಟಿನಲ್ಲಿ ಅಲ್ಲಿ ಗಾಳಿ ಬಲು ಜೋರು. ಮಕ್ಕಳು, ಹಿರಿಯರು ಜೊತೆಗಿದ್ದು ಮೊದಲ ಸಲ ಹೋಗುವವರಿಗೆ ಅಥೆನ್ಸಿನ ಮಗ್ಗುಲಲ್ಲೇ ಇರುವ ಸರೋನಿಕ್ ಕೊಲ್ಲಿ ಮೇಲು. ದ್ವೀಪಗಳು ಹತ್ತಿರ ಹತ್ತಿರ, ಗಾಳಿಗೂ ಸ್ವಲ್ಪ ಮರೆ.

ಸ್ವಾತಂತ್ರ್ಯ ದಿನದ ರಜೆಗೆ ಇನ್ನಷ್ಟು ರಜೆ ಸೇರಿಸಿ ಹೊರಟೆವು. ಶನಿವಾರ ಮಧ್ಯಾಹ್ನ ಅಥೆನ್ಸಿನ ಆಲಿಮೊಸ್ ಮರಿನಾದಲ್ಲಿ ದೋಣಿ ಹತ್ತಿದೆವು. ಸಾಲು ಸಾಲಾಗಿ ನಿಂತ ನೂರಾರು ಹಾಯಿಕಂಬ ನೋಡಿ ಅಪ್ಪ ಒಂದು ನಿಮಿಷ ಸುಮ್ಮನೆ ನಿಂತ. ನಮ್ಮ ಸ್ಕಿಪ್ಪರ್ ಐವತ್ತು ದಾಟಿದ ಗ್ರೀಕ್ ಮನುಷ್ಯ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮಕ್ಕಳ ಬಾಯಲ್ಲಿ ಮೊದಲ ದಿನವೇ 'ಕ್ಯಾಪ್ಟನ್ ಅಂಕಲ್' ಆದರು. ಅವರು ಹೇಳಿದ ನಿಯಮಗಳು ಇಷ್ಟು. ಚಪ್ಪಲಿ ದಡದಲ್ಲೇ ಬಿಡಿ. ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿಡಬಹುದಾದ ಚೀಲ ಇರಲಿ. ಟಾಯ್ಲೆಟ್ಟಿಗೆ ಕಾಗದ ಹಾಕಬೇಡಿ. ಟ್ಯಾಂಕಿನ ನೀರು ಮುಂದಿನ ಬಂದರಿನವರೆಗೆ ಬರಬೇಕು. ಕೊನೆಯ ನಿಯಮ ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅಪ್ಪ ಮಾತ್ರ ಆರಾಮಾಗಿ, "ಒಂದು ಚೊಂಬು ನೀರಲ್ಲಿ ಸ್ನಾನ ಮಾಡುದು ನಾ ಕಲಿಸ್ತೇನೆ" ಎಂದು ಮೊಮ್ಮಕ್ಕಳಿಗೆ ಭರವಸೆ ಕೊಟ್ಟ.

ಸಾಮಾನು ತರಲು ಸೂಪರ್ ಮಾರ್ಕೆಟ್ಟಿಗೆ ಹೋದಾಗ ಅಪ್ಪ ಒಂದು ತೆಂಗಿನಕಾಯಿ ಹಿಡಿದುಕೊಂಡು ಬಂದ. ಜುಟ್ಟಿಲ್ಲದ, ಮೇಲೆ ಸ್ಟಿಕ್ಕರ್ ಅಂಟಿಸಿದ ಕಾಯಿ. ಬೆಲೆ ನೋಡಿ ಹೌಹಾರಿ, "ಇದೆಂತಕ್ಕೆ ಅಪ್ಪಾ?" ಎಂದೆ. "ಸೋಮವಾರ ನೂಲ ಹುಣ್ಣಿಮೆ ಅಲ್ವಾ?" ಎಂದ. ನನಗೆ ರಾಖಿ ನೆನಪಿತ್ತು, ಕಡಲ ಪೂಜೆ ಮರೆತುಹೋಗಿತ್ತು. ಮಳೆಗಾಲದಲ್ಲಿ ದಡ ಸೇರಿದ ದೋಣಿಗಳು ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ಮತ್ತೆ ನೀರಿಗಿಳಿಯುವುದು ನಮ್ಮ ಕರಾವಳಿಯ ಪದ್ಧತಿ.

ಭಾನುವಾರ ಬೆಳಿಗ್ಗೆ ಹೊರಟು ಎಜಿನಾ ದ್ವೀಪಕ್ಕೆ. ಸುಮಾರು 17 ನಾಟಿಕಲ್ ಮೈಲಿ, ಅಂದರೆ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಬಂದರಿನಿಂದ ಹೊರಗೆ ಬಂದ ಮೇಲೆ ಕ್ಯಾಪ್ಟನ್ ಇಂಜಿನ್ ಆರಿಸಿದರು. ಹಾಯಿ ಗಾಳಿ ತುಂಬಿಕೊಂಡು ದೋಣಿ ಒಂದು ಕಡೆ ವಾಲಿತು. ನನ್ನ ಗಂಡ, ಇಷ್ಟು ವರ್ಷ ವಿಡಿಯೊ ನೋಡಿದವರು, ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಇಂಜಿನ್ನಿನ ಸದ್ದು ನಿಂತ ಮೇಲೆ ನೀರು ದೋಣಿಗೆ ಒರೆಸಿಕೊಂಡು ಹೋಗುವ ಸದ್ದು ಮಾತ್ರ. ಇದಕ್ಕಾಗಿಯೇ ಇಷ್ಟು ದೂರ ಬಂದದ್ದು ಅನ್ನಿಸಿತು.

ಎಜಿನಾ ಪಿಸ್ತಾಕ್ಕೆ ಹೆಸರುವಾಸಿ. ಬಂದರಿನ ಉದ್ದಕ್ಕೂ ಪಿಸ್ತಾ ಅಂಗಡಿಗಳು. ಗ್ರೀಕ್ ಜಗತ್ತಿನ ಅತಿ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಈ ದ್ವೀಪದ ಆಮೆ ಗುರುತಿನ ನಾಣ್ಯವೂ ಒಂದು. 1828ರಲ್ಲಿ ಕಪೊದಿಸ್ತ್ರಿಯಾಸ್ ಹೊಸ ಗ್ರೀಸಿನ ಆಡಳಿತ ವಹಿಸಿಕೊಂಡಾಗ ಸ್ವಲ್ಪ ಕಾಲ ರಾಜಧಾನಿಯಾಗಿದ್ದದ್ದೂ ಇದೇ ಊರು. ಗುಡ್ಡದ ಮೇಲೆ ಅಫಾಯಾ ಎಂಬ ದೇವತೆಯ ಗುಡಿ ಇದೆ. ಕ್ರಿ.ಪೂ. 500ರ ಸುಮಾರಿಗೆ ಕಟ್ಟಿದ್ದು, ಇಂದಿಗೂ ಬಹುಪಾಲು ಕಂಬಗಳು ನಿಂತಿವೆ. ಅಪ್ಪ ಕಂಬ ಎಣಿಸುತ್ತ ಮೊಮ್ಮಗಳಿಗೆ ಪ್ರಮಾಣದ ಪಾಠ ಶುರು ಮಾಡಿದ. ನಾನು ಪಕ್ಕದ ಮರದ ಕೆಳಗೆ ಕೂತು, ಇವತ್ತು ಹೇಳಲೇ ಎಂದು ಯೋಚಿಸಿದೆ. ಹೇಳಲಿಲ್ಲ.

ಸೋಮವಾರ ಎಜಿನಾದಿಂದ ಹೈಡ್ರಾಕ್ಕೆ ಸುಮಾರು ಐದು ಗಂಟೆಯ ದಾರಿ. ಗಾಳಿ ಹಿಂದಿನಿಂದ ಬೀಸುತ್ತಿತ್ತು. ನಡುಗಡಲಿನಲ್ಲಿ ಅಪ್ಪ ಕಾಯಿ ತೆಗೆದು ಸ್ಟಿಕ್ಕರ್ ಕಿತ್ತು, ಅರಿಶಿನ ಕುಂಕುಮ ಹಚ್ಚಿದ. ಕ್ಯಾಪ್ಟನ್ನರಿಗೆ ಹೇಗೆ ಹೇಳುವುದು ಎಂದು ನಾನು ಮುಜುಗರದಲ್ಲಿದ್ದರೆ, ಅವರೇ ದೋಣಿಯ ವೇಗ ಕಡಿಮೆ ಮಾಡಿ ಟೋಪಿ ತೆಗೆದರು. ಗ್ರೀಸಿನಲ್ಲಿ ಜನವರಿ 6ರಂದು ಪಾದ್ರಿ ಶಿಲುಬೆಯನ್ನು ನೀರಿಗೆ ಎಸೆಯುತ್ತಾರಂತೆ, ಹುಡುಗರು ಚಳಿಯಲ್ಲೇ ಹಾರಿ ಅದನ್ನು ಹಿಡಿದು ತರುತ್ತಾರಂತೆ. "ಕಡಲಿಗೆ ಮೊದಲು ಏನಾದರೂ ಕೊಡಬೇಕು, ಆಮೇಲೆ ಕೇಳಬೇಕು" ಎಂದರು. ಅಪ್ಪ ತಲೆಯಾಡಿಸಿ ಕಾಯಿಯನ್ನು ನೀರಿಗೆ ಬಿಟ್ಟ. ಅದು ಬಹಳ ಹೊತ್ತು ನಮ್ಮ ಹಿಂದೆಯೇ ತೇಲಿತು.

ಹೈಡ್ರಾದಲ್ಲಿ ಕಾರು, ಬೈಕು ಏನೂ ಇಲ್ಲ. ಕಸದ ಗಾಡಿಯಂಥ ಒಂದೆರಡು ವಾಹನ ಬಿಟ್ಟರೆ ಎಲ್ಲ ಸಾಮಾನು ಹೇಸರಗತ್ತೆಯ ಬೆನ್ನ ಮೇಲೆ. ಬಂದರು ಚಿಕ್ಕದು, ದೋಣಿಗಳು ಕಿಕ್ಕಿರಿದಿದ್ದವು. ಮುಂದೆ ಲಂಗರು ಬಿಟ್ಟು ಹಿಮ್ಮುಖವಾಗಿ ದಕ್ಕೆಗೆ ಬಂದು ಹಗ್ಗ ಕಟ್ಟಬೇಕು. ಒಬ್ಬರ ಲಂಗರಿನ ಸರಪಳಿ ಇನ್ನೊಬ್ಬರದಕ್ಕೆ ಸಿಕ್ಕಿಕೊಂಡು ಬೆಳಿಗ್ಗೆ ಎಲ್ಲರೂ ಕೂಗಾಡುವುದು ಇಲ್ಲಿ ದಿನದ ನಾಟಕ. ಬಂದರಿನ ಸುತ್ತ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಮನೆಗಳು. ದೊಡ್ಡವೆಲ್ಲ ಹಿಂದಿನ ಹಡಗಿನ ಮಾಲೀಕರವು. ದ್ವೀಪ ಬರೀ ಬಂಡೆ, ಬೆಳೆಯುವುದು ಕಡಿಮೆ. ಹಾಗಾಗಿ ಜನ ಕಡಲಿಗಿಳಿದರು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷರ ದಿಗ್ಬಂಧನ ತಪ್ಪಿಸಿ ಸರಕು ಸಾಗಿಸಿ ಶ್ರೀಮಂತರಾದರು. 1821ರಲ್ಲಿ ಸ್ವಾತಂತ್ರ್ಯ ಸಮರ ಶುರುವಾದಾಗ ಅದೇ ವ್ಯಾಪಾರದ ಹಡಗುಗಳಿಗೆ ತೋಪು ಏರಿಸಿ ಯುದ್ಧಕ್ಕೆ ಕಳಿಸಿದರು. ಅವರ ನೌಕಾಪಡೆಯ ಮುಖಂಡ ಮಿಯಾವುಲಿಸ್ ಇಲ್ಲಿಯವರು. ಅಪ್ಪ ಮನೆಗಳನ್ನು ನೋಡುತ್ತ, "ನಮ್ಮ ಕಡೆ ತಾಂಡೇಲರಿಗೆ ಇಂಥ ಮನೆ ಆಗ್ಲಿಲ್ಲ ನೋಡು" ಎಂದ. ಅಪ್ಪನ ಅಪ್ಪ, ನನ್ನ ಅಜ್ಜ, ಮಚವೆಯ ತಾಂಡೇಲನಾಗಿದ್ದವನು. ಇಷ್ಟು ಮಾತ್ರ ನನಗೆ ಗೊತ್ತಿತ್ತು. ಅಜ್ಜ ತೀರಿಕೊಂಡದ್ದು ನಾನು ಹುಟ್ಟುವ ಮೊದಲೇ.

ಆಗಸ್ಟ್ ಹುಣ್ಣಿಮೆಯನ್ನು ಗ್ರೀಕರೂ ವಿಶೇಷವಾಗಿ ಕಾಣುತ್ತಾರೆ. ಅಂದು ಎಷ್ಟೋ ಪ್ರಾಚೀನ ಸ್ಥಳಗಳನ್ನು ರಾತ್ರಿಯೂ ತೆರೆದಿಡುತ್ತಾರೆ. ನಾವು ದೋಣಿಯ ಮೇಲೆಯೇ ಕೂತು ಬೆಳದಿಂಗಳಲ್ಲಿ ಚಿತ್ರಾನ್ನ ತಿಂದೆವು. ಸೋಮವಾರ ಅಪ್ಪ ಮೀನು ಮುಟ್ಟುವುದಿಲ್ಲ. ಊಟದ ಮೇಲೆ ನನ್ನ ಗಂಡ ಮಕ್ಕಳಿಗೆ ಚಾರಿಶನ್ ಕಥೆ ಹೇಳಿದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ಸಿನ ಮೇಲೆ ಬರೆದಿದ್ದ ಗ್ರೀಕ್ ಪ್ರಹಸನ ಅದು. ಗ್ರೀಕ್ ಹುಡುಗಿಯೊಬ್ಬಳು ಭಾರತದ ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಅವನ ಕಡೆಯವರಿಗೂ ಚೆನ್ನಾಗಿ ಕುಡಿಸಿ, ಅವಳನ್ನು ಪಾರು ಮಾಡಿ ಕರೆದೊಯ್ಯುತ್ತಾನೆ. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡವೇ ಎಂದು ಹುಲ್ಜ್ ಎಂಬ ವಿದ್ವಾಂಸರು 1904ರಲ್ಲಿ ವಾದಿಸಿದರು. ಗೋವಿಂದ ಪೈಗಳೂ ಈ ಬಗ್ಗೆ ಬರೆದರು. ಎಲ್ಲ ವಿದ್ವಾಂಸರು ಅದನ್ನು ಒಪ್ಪಿಲ್ಲ.

ಕಥೆ ಮುಗಿದ ಮೇಲೆ ಅಪ್ಪ ಕೇಳಿದ: "ಆ ಹುಡುಗಿಗೆ ಹೋಗ್ಲಿಕ್ಕೆ ಮನಸ್ಸಿತ್ತಾ?"

"ಇತ್ತು ಅಜ್ಜಾ, ಅವಳೇ ಕಾಯ್ತಾ ಇದ್ಲು" ಎಂದ ಮಗ.

"ಹಾಗಾದ್ರೆ ಅಡ್ಡಿಲ್ಲ" ಎಂದು ಅಪ್ಪ ಮಲಗಲು ಎದ್ದ. ನನಗೆ ಎಲ್ಲೋ ಚುಚ್ಚಿದ ಹಾಗಾಯಿತು. ಆದರೆ ಅಪ್ಪನಿಗೆ ಏನೂ ಗೊತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಂಗಳವಾರವೂ ಹೈಡ್ರಾದಲ್ಲೇ ಉಳಿದು, ಬುಧವಾರ ಪೊರೊಸ್‌ಗೆ ಬಂದೆವು. ಪೊರೊಸ್ ಮತ್ತು ಎದುರಿನ ಗಲಾಟಾಸ್ ಊರಿನ ನಡುವೆ ಇರುವುದು ಕಿರಿದಾದ ನೀರಿನ ಪಟ್ಟಿ ಅಷ್ಟೆ. ಚಿಕ್ಕ ದೋಣಿಗಳು ಜನರನ್ನು ಇತ್ತಿಂದತ್ತ ದಾಟಿಸುತ್ತಲೇ ಇರುತ್ತವೆ. "ಓ, ತಾರಿ!" ಎಂದ ಅಪ್ಪ. ಸೇತುವೆ ಆಗುವ ಮೊದಲು ಶರಾವತಿ ದಾಟುತ್ತಿದ್ದದ್ದೂ ತಾರಿಯಲ್ಲೇ. ಸಂಜೆಯೊಳಗೆ ಅಪ್ಪ, ಮೊಮ್ಮಗ ಇಬ್ಬರೂ ನಾಲ್ಕು ಸಲ ಹೋಗಿ ಬಂದರು.

ಅಂದು ರಾತ್ರಿ ಕ್ಯಾಪ್ಟನ್ ಫೋನಿನಲ್ಲಿ ಗಾಳಿಯ ನಕ್ಷೆ ತೋರಿಸಿ, "ನಾಳೆ ಹೊರಡುವುದಿಲ್ಲ" ಎಂದರು. ಬೋಫರ್ಟ್ ಮಾಪನದಲ್ಲಿ 7ರ ಗಾಳಿ, ಅಂದರೆ ಗಂಟೆಗೆ 50ರಿಂದ 61 ಕಿಲೋಮೀಟರ್. ಅದೂ ನಾವು ಹೋಗಬೇಕಾದ ಉತ್ತರದಿಂದಲೇ ಎದುರಿಗೆ.

ನನಗೆ ಸಿಟ್ಟು ಬಂತು. ದೋಣಿಯನ್ನು ಶುಕ್ರವಾರ ಸಂಜೆಯೊಳಗೆ ಆಲಿಮೊಸ್‌ಗೆ ತಲುಪಿಸಬೇಕು, ಶನಿವಾರ ರಾತ್ರಿ ವಿಮಾನ, ಸೋಮವಾರ ಆಫೀಸಿನಲ್ಲಿ ರಿಲೀಸ್. ಗುರುವಾರ ಒಂದು ದಿನ ಹಾಳಾದರೆ ಎಲ್ಲ ತಲೆಕೆಳಗು. ಎಂಜಿನ್ ಇದೆಯಲ್ಲ, ನಿಧಾನಕ್ಕೆ ಹೋದರಾಯಿತು ಎಂದೆ. ಕ್ಯಾಪ್ಟನ್ ಬೇಜಾರು ಮಾಡಿಕೊಳ್ಳಲಿಲ್ಲ. "ಸಿಗಾ ಸಿಗಾ" ಎಂದರು. ನಿಧಾನ ನಿಧಾನ ಎಂದರ್ಥ. ಗ್ರೀಸಿನಲ್ಲಿ ಎರಡು ದಿನ ಇದ್ದರೆ ಈ ಮಾತು ಹತ್ತು ಸಲ ಕಿವಿಗೆ ಬೀಳುತ್ತದೆ. ಅಪ್ಪ ನನ್ನ ಕಡೆ ನೋಡಿ, "ತಾಂಡೇಲ ಹೇಳಿದ ಮೇಲೆ ಮುಗೀತು. ಎಂತ ಅವಸರ ನಿಂದು?" ಎಂದ.

ಗುರುವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಬಂದರಿನ ಎಲ್ಲ ದೋಣಿಗಳ ಹಗ್ಗಗಳೂ ಕಂಬಗಳಿಗೆ ಟಣ ಟಣ ಎಂದು ಬಡಿಯುತ್ತಿದ್ದವು. ಆಕಾಶ ನೋಡಿದರೆ ಒಂದು ಚೂರು ಮೋಡವಿಲ್ಲ, ಶುಭ್ರ ನೀಲಿ. ಮೋಡವಿಲ್ಲದೆ ಇಷ್ಟು ಗಾಳಿ ನಾನು ಕಂಡದ್ದು ಅದೇ ಮೊದಲು. ಇದರ ಹೆಸರು ಮೆಲ್ಟೆಮಿ. ಬೇಸಿಗೆಯಲ್ಲಿ, ಮುಖ್ಯವಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ ಉತ್ತರದಿಂದ ಬೀಸುತ್ತದೆ. ಹಳೆಯ ಗ್ರೀಕರು ಇದನ್ನು 'ಎಟೀಸಿಯನ್' ಎನ್ನುತ್ತಿದ್ದರು, ಅಂದರೆ ವರ್ಷ ವರ್ಷವೂ ಬರುವುದು. ಮಹಾ ಭಾಷಣಕಾರ ಡೆಮಾಸ್ತನೀಸ್ ಅಥೆನ್ಸಿನವರನ್ನು ಇದೇ ಗಾಳಿಯ ಹೆಸರು ಹೇಳಿ ಎಚ್ಚರಿಸಿದ್ದ. ನಾವು ಗಾಳಿಗೆ ಸಿಕ್ಕು ಹೊರಡಲಾಗದ ಹೊತ್ತು ನೋಡಿಯೇ ಮ್ಯಾಸಿಡೋನಿಯದ ಫಿಲಿಪ್ ದಾಳಿ ಮಾಡುತ್ತಾನೆ ಎಂದು. ಆ ಡೆಮಾಸ್ತನೀಸ್ ಕ್ರಿ.ಪೂ. 322ರಲ್ಲಿ ಶತ್ರುಗಳಿಂದ ತಪ್ಪಿಸಿಕೊಂಡು ಬಂದು ವಿಷ ಕುಡಿದು ಸತ್ತದ್ದು ಇದೇ ಪೊರೊಸ್‌ನ ಪೊಸೈಡನ್ ಗುಡಿಯಲ್ಲಿ.

ಕ್ಯಾಪ್ಟನ್ ಇನ್ನೊಂದು ಸಂಗತಿ ಹೇಳಿದರು. ಪುಣೆಗೆ ಬಂದ ಮೇಲೆ ಓದಿ ನೋಡಿದೆ, ಹವಾಮಾನ ಶಾಸ್ತ್ರದವರು ಒಪ್ಪಿದ ಮಾತೇ. ಬೇಸಿಗೆಯ ಕಾವಿಗೆ ವಾಯವ್ಯ ಭಾರತ, ಪಾಕಿಸ್ತಾನಗಳ ಮೇಲೆ ಗಾಳಿಯ ಒತ್ತಡ ಕುಸಿಯುತ್ತದೆ. ನಮ್ಮ ಮುಂಗಾರನ್ನು ಅರಬ್ಬಿ ಸಮುದ್ರದಿಂದ ಎಳೆದು ತರುವುದರಲ್ಲಿ ಅದರ ಪಾತ್ರ ದೊಡ್ಡದು. ಆ ಕಡಿಮೆ ಒತ್ತಡದ ಬಾಲ ಪಶ್ಚಿಮಕ್ಕೆ ಚಾಚಿ ಟರ್ಕಿಯವರೆಗೂ ಹೋಗುತ್ತದೆ. ಇತ್ತ ಬಾಲ್ಕನ್ ನಾಡುಗಳ ಮೇಲೆ ಒತ್ತಡ ಹೆಚ್ಚು. ಎರಡರ ನಡುವೆ ಸಿಕ್ಕಿದ ಏಜಿಯನ್ ಸಮುದ್ರದ ಮೇಲೆ ಮೆಲ್ಟೆಮಿ ಬೀಸುತ್ತದೆ. ಅಂದರೆ ನಮ್ಮನ್ನು ಪೊರೊಸ್‌ನಲ್ಲಿ ಕಟ್ಟಿಹಾಕಿದ ಗಾಳಿಗೂ, ಹೊನ್ನಾವರದಲ್ಲಿ ದೋಣಿಗಳನ್ನು ದಡಕ್ಕೆ ಎಳೆಸುವ ಮಳೆಗೂ ದೂರದ ನೆಂಟಸ್ತಿಕೆ ಇದೆ. ಅಪ್ಪನಿಗೆ ಇದು ಬಹಳ ಹಿಡಿಸಿತು. "ಹಾಗಾದ್ರೆ ಇದು ನಮ್ಮ ಕಡೆಯವನೇ" ಎಂದು ಗಾಳಿಯ ಕಡೆ ಕೈ ಮಾಡಿದ.

ಮಧ್ಯಾಹ್ನ ಗಂಡ, ಮಕ್ಕಳು ಊರಿನ ಗಡಿಯಾರದ ಗೋಪುರ ಹತ್ತಲು ಹೋದರು. ನಾನೂ ಅಪ್ಪನೂ ದೋಣಿಯಲ್ಲಿ ಉಳಿದೆವು. ನಾನು ಲ್ಯಾಪ್‌ಟಾಪ್ ತೆರೆದು ಮುಚ್ಚಿ ಮಾಡುತ್ತಿದ್ದೆ. ಅಪ್ಪ ತಾನಾಗಿ ಮಾತು ತೆಗೆದ.

"ನಾನು ಒಂಬತ್ತು ವರ್ಷದವ ಇದ್ದಾಗ ಅಪ್ಪ ಒಂದು ಸಲ ಮಚವೆಯಲ್ಲಿ ಮುಂಬಯಿಗೆ ಕರ್ಕೊಂಡು ಹೋಗಿದ್ದ. 62ನೇ ಇಸವಿ ಇರ್ಬೇಕು. ಕಾಯಿ, ಅಡಿಕೆ ತುಂಬಿದ್ರು. ಬಡಗಿನ ಕಡೆ ಹೋಗುವಾಗ ಹಗಲು ಗಾಳಿ ಎದುರು. ರಾತ್ರಿ ನೆಲದ ಗಾಳಿ ಬಿದ್ದ ಮೇಲೆ ಹಾಯಿ ಏರಿಸುದು, ಬೆಳಗಾದ ಮೇಲೆ ದಡದ ಹತ್ರ ಲಂಗರು ಹಾಕುದು. ಮಾಲವಣದಲ್ಲಿ ಐದು ದಿನ ಕೂತ್ವಿ. ನನಗೆ ಅಳು. ಅಪ್ಪ ಹಾಯಿ ಹೊಲೀತಾ ಕೂತಿದ್ದ, ಒಂದು ಮಾತಿಲ್ಲ. ಗಾಳಿ ಬರುವಾಗ ಬರ್ತದೆ, ನೀ ಮಗ್ಗಿ ಹೇಳು ಅಂದ. ಚುಕ್ಕಾಣಿ ಮುಟ್ಲಿಕ್ಕೆ ಮಾತ್ರ ಬಿಡ್ಲೇ ಇಲ್ಲ. ಇದು ನಿನಗಲ್ಲ, ನೀ ಶಾಲೆಗೆ ಹೋಗು ಅಂದ."

ಆಮೇಲೆ ಲಾರಿ ಬಂದವು, ರಸ್ತೆ ಬಂತು, ಮಚವೆಗೆ ಸರಕು ಸಿಗದಾಯಿತು. ಅಜ್ಜ ಮಚವೆ ಮಾರಿದ. ಅಜ್ಜಿ ತೀರಿಕೊಂಡ ಮೇಲೆ, ಮುಂಬಯಿ ಡಾಕ್‌ನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ಅಜ್ಜನನ್ನು ಮಝಗಾಂವ್‌ನ ತನ್ನ ಚಾಳಿಗೆ ಕರೆದುಕೊಂಡು ಹೋದ. ಇಷ್ಟೂ ನನಗೆ ಹೊಸದು.

"ಅಣ್ಣ, ಅತ್ತಿಗೆ ಚೆನ್ನಾಗೇ ನೋಡ್ಕೊಂಡ್ರು, ಅದ್ರಲ್ಲಿ ಎರಡು ಮಾತಿಲ್ಲ. ಅಪ್ಪ ದಿನಾ ಬೆಳಿಗ್ಗೆ ಭಾವುಚಾ ಧಕ್ಕಾಕ್ಕೆ ನಡ್ಕೊಂಡು ಹೋಗಿ ದೋಣಿ ನೋಡ್ತಾ ಕೂತ್ಕೊಳ್ತಿದ್ದ. ಎರಡನೇ ವರ್ಷ ಹೋದ. ಕರ್ಕೊಂಡು ಹೋದ್ದು ತಪ್ಪು ಅಂತ ಹೇಳುದಲ್ಲ ಮಗಾ. ನಿಂಗೆ ಬರ್ಲಿಕ್ಕೆ ಮನಸ್ಸುಂಟಾ ಅಂತ ಯಾರೂ ಅಪ್ಪನ ಹತ್ರ ಕೇಳ್ಲಿಲ್ಲ. ಅಣ್ಣ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಊರಲ್ಲಿ ಒಬ್ಬನೇ ಬಿಟ್ಟು ನಾ ಟ್ರೇನಿಂಗಿಗೆ ಹೋಗುದು ಹೇಗೆ ಅಂತಿತ್ತು. ಅಣ್ಣ ಕರ್ಕೊಂಡು ಹೋದ, ನನ್ನ ತಲೆಭಾರ ಇಳೀತು."

ನಾನು ಏನೂ ಹೇಳದೆ ಕೂತಿದ್ದೆ. ಅಪ್ಪ ಮುಂದುವರಿಸಿದ: "ಮನೆ ನೋಡ್ಲಿಕ್ಕೆ ಬಂದಿದ್ದವ ಎಂಟನೇ ಕ್ಲಾಸಲ್ಲಿ ನನ್ನ ಹತ್ರ ಕಲ್ತವ. ಎರಡು ತಿಂಗಳಾಯ್ತು, ಅವನೇ ಬಂದು ಹೇಳಿದ. ಸರ್, ನೀವು ಪುಣೆಗೆ ಹೋಗ್ತೀರಂತೆ, ಹೌದಾ ಅಂತ."

ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು. ಎರಡು ತಿಂಗಳು ಎಲ್ಲ ಗೊತ್ತಿದ್ದೂ ಅಪ್ಪ ವೀಸಾ ಕಾಗದಗಳಿಗೆ ಸಹಿ ಹಾಕಿದ್ದ, ನಮ್ಮ ಜೊತೆ ಬಂದಿದ್ದ, ನಾನು ಹೇಳಲಿ ಎಂದು ಕಾದಿದ್ದ. ಅತ್ತುಬಿಟ್ಟೆ. ಅಳುತ್ತಲೇ ಜಗಳವನ್ನೂ ಮಾಡಿದೆ. "ಒಂದು ಗಂಟೆ ಮಳೆಯಲ್ಲಿ ಬಿದ್ದಿದ್ದೆ ಅಪ್ಪಾ ನೀನು. ಮೂರು ದಿನ ನಮಗೆ ಹೇಳ್ಲಿಲ್ಲ. ನೀನೂ ನಮ್ಮನ್ನ ಕೇಳ್ಲಿಲ್ಲ, ನಾವು ಹೇಗೆ ಇರ್ಬೇಕು ಅಂತ."

ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ, "ಅದು ನನ್ನ ತಪ್ಪು" ಎಂದ. ನನ್ನ ಮೂವತ್ತೆಂಟು ವರ್ಷದಲ್ಲಿ ಅಪ್ಪನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆಮೇಲೆ ಅಪ್ಪ ಒಂದು ದಾರಿ ಹೇಳಿದ. "ಮಳೆಗಾಲದಲ್ಲಿ ಮಚವೆ ದಡಕ್ಕೆ ಎಳೆದು ಮೇಲೆ ತೆಂಗಿನ ಗರಿ ಹೊದೆಸಿಡ್ತಿದ್ರು. ನೂಲ ಹುಣ್ಣಿಮೆಗೆ ಮತ್ತೆ ನೀರಿಗೆ. ನಾನೂ ಹಾಗೇ ಮಾಡ್ತೇನೆ. ಮಿರ್ಗದ ಮಳೆ ಹಿಡಿಯುವಾಗ ಪುಣೆಗೆ ಬರ್ತೇನೆ. ನೂಲ ಹುಣ್ಣಿಮೆಗೆ ನನ್ನ ವಾಪಸ್ ಬಿಡಿ."

"ಉಳಿದ ಒಂಬತ್ತು ತಿಂಗಳು?"

"ಆಗ ಅಂಗಳ ಒಣಗಿರ್ತದೆ" ಎಂದ.

ನಗು ಬಂತು, ಆದರೆ ಸಮಾಧಾನ ಆಗಲಿಲ್ಲ. ಡಿಸೆಂಬರಿನಲ್ಲೂ ಜನ ಬೀಳುತ್ತಾರೆ. ಅಪ್ಪನಿಗೂ ಅದು ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದಾನೆ ಎಂಬುದು ಮಾತ್ರ ಅಂದು ನನಗೆ ತಿಳಿಯಿತು.

ಶುಕ್ರವಾರ ನಸುಕಿಗೆ ನಾಲ್ಕೂವರೆಗೆ ಕ್ಯಾಪ್ಟನ್ ಎಬ್ಬಿಸಿದರು. ಗಾಳಿ ರಾತ್ರಿ ತಗ್ಗಿತ್ತು, ಬಿಸಿಲೇರಿದರೆ ಮತ್ತೆ ಏಳುತ್ತದೆ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು, ಇಂಜಿನ್ನಿನಲ್ಲೇ ಹೊರಟೆವು. ಆಲಿಮೊಸ್‌ಗೆ ಸುಮಾರು 28 ನಾಟಿಕಲ್ ಮೈಲಿ. ಮೊದಲ ಎರಡು ಗಂಟೆ ಅಲೆ ಎತ್ತಿ ಎತ್ತಿ ಹಾಕಿತು. ಮಗಳು ಬಕೆಟ್ ತಬ್ಬಿಕೊಂಡು ಕೂತಳು, ನನ್ನ ಗಂಡ ಅವಳ ಪಕ್ಕದಲ್ಲೇ ಇನ್ನೊಂದು ಬಕೆಟ್ ಹಿಡಿದು. ಎಜಿನಾದ ಮರೆಗೆ ಬಂದ ಮೇಲೆ ಅಲೆ ಸಣ್ಣದಾಯಿತು, ಹೊತ್ತು ಮೂಡಿತು. ಕ್ಯಾಪ್ಟನ್ ಹಿಂದೆ ಸರಿದು ಅಪ್ಪನನ್ನು ಚಕ್ರದ ಬಳಿಗೆ ಕರೆದರು. ಅಪ್ಪ ನನ್ನ ಕಡೆ ನೋಡಿದ. ನಾನು, "ಹಿಡಿ ಅಪ್ಪಾ" ಎಂದೆ.

ಅರ್ಧ ಗಂಟೆ ಅಪ್ಪ ದೋಣಿ ನಡೆಸಿದ. ಮುರಿದು ಕೂಡಿದ ಮಣಿಕಟ್ಟಿನ ಕೈ ಮೇಲೆ, ಇನ್ನೊಂದು ಕೆಳಗೆ. ದೂರದ ಒಂದು ಗುಡ್ಡದ ತುದಿಗೆ ಗುರಿ ಇಟ್ಟು, ಯಾರ ಜೊತೆಗೂ ಮಾತಾಡದೆ. ಫೋಟೊ ತೆಗೆಯಬೇಕು ಎಂದು ನನಗೆ ಹೊಳೆದದ್ದು ಮುಗಿದ ಮೇಲೆ.

ಹೋಗಬಯಸುವವರಿಗೆ ಇನ್ನೆರಡು ಮಾತು. ಜೂನ್ ಇಲ್ಲವೇ ಸೆಪ್ಟೆಂಬರಿನಲ್ಲಿ ಹೋದರೆ ಗಾಳಿಯೂ ಜನಜಂಗುಳಿಯೂ ಕಡಿಮೆ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಟೊಮೇಟೊದೊಳಗೆ ಅನ್ನ ತುಂಬಿದ 'ಯೆಮಿಸ್ಟಾ', ಬೀನ್ಸಿನ ಪಲ್ಯ, ಮೊಸರು ಎಲ್ಲ ಕಡೆ ಸಿಗುತ್ತವೆ. ಯೆಮಿಸ್ಟಾದಲ್ಲಿ ಕೆಲವರು ಮಾಂಸ ಹಾಕುತ್ತಾರೆ, ಕೇಳಿಕೊಳ್ಳಿ. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ, ಶುರುವಾದ ಮೇಲೆ ಅದು ಕೆಲಸ ಮಾಡುವುದಿಲ್ಲ. ಮುಖ್ಯವಾಗಿ, ವಾರದಲ್ಲಿ ಒಂದು ದಿನವನ್ನು ಗಾಳಿಗೆ ಎಂದೇ ಬಿಟ್ಟಿಡಿ.

ಮನೆ ಮಾರುವುದಿಲ್ಲ ಎಂದು ಬಂದ ಕೂಡಲೇ ತಿಳಿಸಿದೆವು. ತಮ್ಮನಿಗೆ ನನ್ನ ಮೇಲೆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. "ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಅಕ್ಕಾ?" ಎನ್ನುತ್ತಾನೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಬೆಳಿಗ್ಗೆ ಎಂಟಕ್ಕೆ ಅಪ್ಪ ಫೋನ್ ಮಾಡಬೇಕು ಎಂದು ಒಪ್ಪಂದವಾಗಿದೆ. ಎಂಟೂ ಹತ್ತಾದರೆ ನನ್ನ ಕೈ ನಡುಗುತ್ತದೆ.

ಈ ಜೂನ್ ಮೊದಲ ವಾರಕ್ಕೆ ಮತ್ಸ್ಯಗಂಧದಲ್ಲಿ ಹೊನ್ನಾವರದಿಂದ ಪನ್ವೇಲ್‌ಗೆ ಅಪ್ಪನ ಟಿಕೆಟ್ ಆಗಿದೆ. ಅಲ್ಲಿಂದ ನಾವೇ ಕರೆತರುತ್ತೇವೆ. ವಾಪಸ್ ಟಿಕೆಟ್ ಬುಕಿಂಗ್ ಇನ್ನೂ ತೆರೆದಿಲ್ಲ. ನೂಲ ಹುಣ್ಣಿಮೆ ಯಾವಾಗ ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡೆಯಾ ಎಂದು ಅಪ್ಪ ಈಗಾಗಲೇ ಎರಡು ಸಲ ಕೇಳಿದ್ದಾನೆ.